ನಕಲಿ ಡಿಡಿಯಿಂದ ಮೋಸ: ಪೊಲೀಸ್ ಠಾಣೆಯೋ, ಸಿವಿಲ್ ಕೋರ್ಟೋ?

ಬಸವನಗುಡಿಯಲ್ಲಿರುವ ನಮ್ಮ ಭಾವ ಹಳೇ ಸ್ಕೂಟರ್ ಮಾರಿ ಡಿಡಿ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್) ಇಸ್ಕೊಂಡರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಅದನ್ನು ನೀಲಿ ದೀಪದ ಕೆಳಗೆ ಹಿಡಿದು, ಎರಡು ಸಲ ತಿರುಗಿಸಿ, "ಇದು ನಮ್ಮದಲ್ಲ ಸಾರ್" ಎಂದರು. ಸ್ಕೂಟರೂ ಹೋಯಿತು, ದುಡ್ಡೂ ಇಲ್ಲ. ಈಗ ಎಲ್ಲಿಗೆ ಹೋಗುವುದು?

ಕೊಟ್ಟವನು ಯಾರೆಂದೇ ಗೊತ್ತಿಲ್ಲದಿದ್ದರೆ ಠಾಣೆಯೇ ದಾರಿ. ದೂರಿಗೆ ಶುಲ್ಕವಿಲ್ಲ, ಹುಡುಕುವ ಕೆಲಸ ಪೊಲೀಸರದ್ದು. ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ನೀವು ಹೋದ ಠಾಣೆಯಲ್ಲೇ ಝೀರೋ ಎಫ್‌ಐಆರ್ ಹಾಕಿಸಬಹುದು. 2024ರ ಜುಲೈ 1ರಿಂದ ಈಚಿನ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಬದಲಿಗೆ ಬಂದ ಕಾನೂನು) 318(4)ನೇ ಕಲಂ ಅನ್ವಯಿಸುತ್ತದೆ, 7 ವರ್ಷದವರೆಗೆ ಜೈಲು. ಆದರೆ ಅಲ್ಲಿ ಮುಖ್ಯ ಗುರಿ ಶಿಕ್ಷೆ. ದುಡ್ಡು ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ.

ದುಡ್ಡಿಗೆ ಸಿವಿಲ್ ದಾವೆಯೇ ನೇರ ದಾರಿ. ಅದಕ್ಕೆ ಎದುರಾಳಿಯ ಹೆಸರು, ವಿಳಾಸ ಬೇಕು, ಅವನ ಹತ್ತಿರ ವಸೂಲಿಗೆ ಏನಾದರೂ ಇರಲೂಬೇಕು ಅಲ್ವಾ? ಕೋರ್ಟ್ ಫೀ, ವಕೀಲರ ಫೀ, ಓಡಾಟ ಎಲ್ಲಾ ಜಾಸ್ತಿ. ಸಾಮಾನ್ಯವಾಗಿ 3 ವರ್ಷದೊಳಗೆ ಹಾಕಬೇಕು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟಿದ್ದರೂ.

ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ. ನಾನಾದರೆ ಮೊದಲು ಠಾಣೆಗೇ ಹೋಗುತ್ತೇನೆ. ಆನ್‌ಲೈನಿನಲ್ಲಿ ದುಡ್ಡು ಕಳಿಸಿ ಮೋಸಹೋಗಿದ್ದರೆ ಅದಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡಮಾಡಬೇಡಿ. ಠಾಣೆಯಲ್ಲಿ ಮೂಲ ಡಿಡಿಯನ್ನು ಸುಮ್ನೆ ಕೊಟ್ಟು ಬರಬೇಡಿ. ಎರಡೂ ಬದಿ ಜೆರಾಕ್ಸ್ ಮಾಡಿಸಿ, ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಕೇಳಿ.