ಗೇರ್‌ಬಾಕ್ಸ್ ಇಳಿಸಿದ್ದೇವೆ ಅಂದರು, ಬೋಲ್ಟಿನ ಮಣ್ಣು ಕೂಡ ಅಲುಗಿರಲಿಲ್ಲ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಹಳೆಯ ವ್ಯಾನ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಗಾಡಿಯಡಿ ಎಣ್ಣೆ ಬೀಳುತ್ತಿದೆ ಅಂದಾಗ ವರ್ಕ್‌ಶಾಪಿನವರು ಒಮ್ಮೆ ಬಗ್ಗಿ ನೋಡಿ "ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರೆ ಒಪ್ಪಬೇಡಿ. (ಆ ಸೀಲ್ ಅಂದರೆ ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಬಳೆ.) ಅಲ್ಲಿಂದ ಗಾಡಿ ತೆಗೆದುಕೊಂಡು ಬನ್ನಿ.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಮಂಚ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕಿ ಕೂರಿಸಿದ್ದೇವೆ. ಪಾಣತ್ತೂರು ದಾರಿಯಾಗಿ ಭಾಗಮಂಡಲಕ್ಕೆ ಮನೆಯವರೆಲ್ಲ ಅದರಲ್ಲೇ ಹೋಗುವುದು. ಅಂಗಳದಲ್ಲಿ ಕಪ್ಪು ಕಲೆ ಬೀಳತೊಡಗಿತು. ಹನಿ ಇಳಿಯುತ್ತಿದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ. ಹೆದ್ದಾರಿ ಬದಿಯ ಒಂದು ವರ್ಕ್‌ಶಾಪಿಗೆ ಕೊಟ್ಟೆ.

ತೊಳೆಯಲಿಲ್ಲ, ಒರೆಸಲಿಲ್ಲ, ಮೇಲಿನಿಂದ ಟಾರ್ಚ್ ಹಾಕಿ ನೋಡಲೂ ಇಲ್ಲ. "ಮಾಷ್ಟ್ರೇ, ಇದು ಕ್ರ್ಯಾಂಕಿನ ಹಿಂದಿನ ಸೀಲೇ. ಗೇರ್‌ಬಾಕ್ಸ್ ಇಳಿಸದೆ ಆಗುದಿಲ್ಲ. ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಬಿಡುವ, ಪುನಃ ಕೂಲಿ ಕೊಡುದು ಬೇಡ." ಆ ಸೀಲಿಗೆ ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುವುದು ನಿಜ, ಅದಕ್ಕೇ ಯಾರಾದರೂ ನಂಬುತ್ತಾರೆ. 18,500 ರೂಪಾಯಿ ಕೊಟ್ಟೆ. ಹಳೆಯ ಸೀಲ್ ಅಂತ ಒಂದನ್ನು ಪೇಪರಿನಲ್ಲಿ ಸುತ್ತಿ ಕೈಗೂ ಕೊಟ್ಟರು.

ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕಲೆ.

ಫೋನ್ ಮಾಡಿದರೆ, "ಒಳಗೆ ಉಳಿದ ಎಣ್ಣೆ ಇಳಿಯುದು, ಸ್ವಲ್ಪ ಓಡಿಸಿ." ಓಡಿಸಿದೆ, ನಿಲ್ಲಲಿಲ್ಲ. ಪುನಃ ಫೋನ್ ಮಾಡಿದಾಗ, "ಹಳೆ ಗಾಡಿ ಅಲ್ವಾ ಮಾಷ್ಟ್ರೇ, ಸ್ವಲ್ಪ ಬೀಳ್ತದೆ."

ಸುಳ್ಯದಲ್ಲಿ ಗುರುತಿನ ಮೆಕ್ಯಾನಿಕ್ ಒಬ್ಬರ ಹತ್ತಿರ ಕೊಂಡುಹೋದೆ. ಅವರು ಮೊದಲು ಎಂಜಿನ್ ತೊಳೆದು ಒಣಗಿಸಿ, ಸ್ಟಾರ್ಟ್ ಮಾಡಿ ಕಾದು ನೋಡಿದರು. ಎಣ್ಣೆ ಬರುತ್ತಿದ್ದದ್ದು ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ, ಹಿಂದಿನ ಮೂಲೆಯಿಂದ. ಮುಚ್ಚಳದಡಿಯ ಪ್ಯಾಕಿಂಗ್ ಕಲ್ಲಿನಂತೆ ಗಟ್ಟಿಯಾಗಿ ಸೀಳಿತ್ತು. ಎಣ್ಣೆ ಎಂಜಿನ್ನಿನ ಬೆನ್ನ ಮೇಲೆ ಇಳಿದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಬೆಲ್ ಹೌಸಿಂಗಿನಡಿ ತೊಟ್ಟಿಕ್ಕುತ್ತಿತ್ತು. ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪೂ ಕಟ್ಟಿತ್ತು, ಒಳಗಿನ ಒತ್ತಡ ಎಣ್ಣೆಯನ್ನು ಮತ್ತಷ್ಟು ಹೊರಗೆ ನೂಕುತ್ತಿತ್ತು. ಕೆಲವೇ ನೂರು ರೂಪಾಯಿಯ ಕೆಲಸ.

ಆಮೇಲೆ ಪಿಟ್ಟಿನೊಳಗಿಂದ "ಇಲ್ಲಿ ಬನ್ನಿ ಸರ್, ಇದನ್ನು ನೋಡಿ" ಅಂದರು. ಗೇರ್‌ಬಾಕ್ಸ್ ಹಿಡಿದಿರುವ ಬೋಲ್ಟುಗಳು. ಒಂದೊಂದರ ತಲೆಯ ಮೇಲೂ ವರ್ಷಗಟ್ಟಲೆ ಎಣ್ಣೆ, ಮಣ್ಣು ಸೇರಿ ಕಟ್ಟಿದ ಗಟ್ಟಿ ಪದರ. ಸ್ಪ್ಯಾನರ್ ತಾಗಿದ ಒಂದು ಗೀರೂ ಇಲ್ಲ. ಒಂದೂ ಇಲ್ಲ! ಇಳಿಸಿಯೇ ಇಲ್ಲ. ಸೀಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಕೈಗೆ ಕೊಟ್ಟ ಸೀಲ್ ಯಾವ ಗಾಡಿಯದ್ದೋ. ಪಕ್ಕದಲ್ಲಿ ಮಗ ನಿಂತಿದ್ದ, ನನಗೆ ಅವನ ಮುಖ ನೋಡಲಾಗಲಿಲ್ಲ.

ಫೋಟೋ ತೆಗೆದುಕೊಂಡು ವರ್ಕ್‌ಶಾಪಿಗೆ ಹೋದೆ. "ನಾನಿರಲಿಲ್ಲ, ಹುಡುಗರು ಮಾಡಿದ್ದು." ಹುಡುಗರನ್ನು ಕರೆಯಿರಿ ಅಂದೆ. "ಅವ ಊರಿಗೆ ಹೋದ." ಮಣ್ಣು ತೋರಿಸಿದೆ. "ಮಳೆಗಾಲ ಅಲ್ವಾ, ಪುನಃ ಹಿಡಿದಿರ್ಬೇಕು." ವರ್ಷಗಳ ಮಣ್ಣು ಇಷ್ಟು ಬೇಗ ಹಿಡಿಯುತ್ತದಾ? ಕೊನೆಗೆ ಗಿರಾಕಿಗಳ ಎದುರು, "ಒಂದು ಲೀಕಿಗೆ ಇಷ್ಟು ಮಾತಾಡುದಾ? ನಿಮಗೆ ಶಾಲೆ ಇಲ್ವಾ ಮಾಷ್ಟ್ರೇ?" ಆ ಮಾತು ಇನ್ನೂ ಉರಿಯುತ್ತಿದೆ.

ಗಾಡಿ ಕೊಡುವ ಮೊದಲು ಅಡಿ ತೊಳೆಸಿ, ರಾತ್ರಿ ರಟ್ಟು ಹಾಸಿಡಿ. ಬಿದ್ದ ಕಲೆ ಕಪ್ಪೋ ಕಂದೋ ಆದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಬರೀ ನೀರಾದರೆ ಎಸಿಯದ್ದೋ ನಿಮ್ಮ ಟ್ಯಾಂಕಿಯದ್ದೋ ಇರಬಹುದು, ದುಡ್ಡು ಸುರಿಯಬೇಡಿ. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಇದ್ದರೆ ಕೂಲೆಂಟ್, ಕೂಡಲೇ ತೊಳೆಯಿರಿ, ನೆಕ್ಕಿದ ನಾಯಿ, ಬೆಕ್ಕು ಸಾಯಬಹುದು. ಚಕ್ರದ ಹತ್ತಿರ ತೆಳು ಹಳದಿ ಎಣ್ಣೆ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ತೆಗೆಯಲೇಬೇಡಿ. ಲೀಕ್ ಕಂಡಲ್ಲಿಂದ ಮೇಲಕ್ಕೆ ಹುಡುಕಿಸಿ. ಬಿಚ್ಚುತ್ತೇವೆ ಅಂದ ಬೋಲ್ಟುಗಳಿಗೆ ಮೊದಲೇ ಪೇಂಟಿನ ಗುರುತು ಹಾಕಿ ಫೋಟೋ ತೆಗೆದಿಡಿ.

ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ದೂರು ಕೊಡಬೇಕು. ಬಿಲ್ ಅಂತ ನನಗೆ ಸಿಕ್ಕಿದ್ದು ನಂಬ್ರವಿಲ್ಲದ ಕೈಬರಹದ ಚೀಟಿ. ಹೆದ್ದಾರಿ ಬದಿಯಲ್ಲಿ ಇದೇ "ಹಿಂದಿನ ಸೀಲ್" ಕಥೆ ಕೇಳಿ ದುಡ್ಡು ಕೊಟ್ಟವರು ಬೇರೆ ಇದ್ದರೆ ತಿಳಿಸಿ, ಒಟ್ಟಿಗೆ ಹೋಗುವ.