ರೊಟ್ಟಿಯ ಮೇಲೆ ಪ್ಯಾಲೆಸ್ಟೀನಿನ ಎಣ್ಣೆ

ಝೈತೂನ್ ಕಂಪನಿಯ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ಅರ್ಧ ಲೀಟರ್ ಬಾಟಲಿ. ನಮ್ಮ ಮನೆಗೆ ಬಂದ ಮೂರನೆಯದು ಇದು. ಮೊದಲೇ ಹೇಳಿಬಿಡುತ್ತೇನೆ, ಒಗ್ಗರಣೆಗೆ ಬೇಡ. ಮೊದಲ ಬಾಟಲಿ ಬಂದಾಗ ಅದರಲ್ಲೇ ಸಾಸಿವೆ ಸಿಡಿಸಿದೆ. ಸಾರಿನ ತುಂಬಾ ಅದರದ್ದೇ ವಾಸನೆ. ಮಗಳು ತಟ್ಟೆ ದೂಡಿ ಎದ್ದುಹೋದಳು.

ಇದನ್ನು ಹಸಿಯಾಗಿ ತಿನ್ನಬೇಕು. ಮೊದಲು ಹುಲ್ಲಿನಂಥ ಹಸಿ ಘಮ, ಆಮೇಲೆ ಸ್ವಲ್ಪ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸಿನಂಥ ಖಾರ. ಕೆಮ್ಮು ಬಂದರೆ ಎಣ್ಣೆ ಕೆಟ್ಟಿದೆ ಅಂದುಕೊಳ್ಳಬೇಡಿ. ತಾಜಾ ಆಲಿವ್ ಎಣ್ಣೆಯ ಗುಣವೇ ಅದು.

ನಾನು ಧಾರವಾಡದವಳು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದಿಷ್ಟು ಕುಸುಬಿ ಎಣ್ಣೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದ ಮೇಲೆ ರೊಟ್ಟಿಯೂ ಪುಡಿಯೂ ಉಳಿದವು, ಎಣ್ಣೆ ಹೋಯಿತು. ಆ ಜಾಗಕ್ಕೆ ಈಗ ಇದು ಬಂದಿದೆ. ಪ್ಯಾಲೆಸ್ಟೀನಿನವರು ತಿನ್ನುವುದೂ ಹೆಚ್ಚುಕಮ್ಮಿ ಹೀಗೇ. ರೊಟ್ಟಿ ಮುರಿದು ಎಣ್ಣೆಗೆ ಅದ್ದಿ, ಆಮೇಲೆ ಝಾತರ್‌ಗೆ ಒತ್ತುತ್ತಾರೆ. ಒಣಗಿಸಿದ ಘಮದ ಸೊಪ್ಪು, ಎಳ್ಳು, ಹುಳಿಯಾದ ಸುಮಾಕ್ ಸೇರಿದ ಪುಡಿ ಅದು. ಅವರ ಚಟ್ನಿಪುಡಿ ಅನ್ನಿ. ಅದನ್ನೂ ಈ ಕಂಪನಿ ಮಾರುತ್ತದೆ.

ನನ್ನನ್ನು ಈ ಬಾಟಲಿಯವರೆಗೆ ತಂದಿದ್ದು ಎಣ್ಣೆ ಅಲ್ಲ, ಖರ್ಜೂರ. ಒಂದು ರಂಜಾನಿಗೆ ಪಕ್ಕದ ಮನೆಯ ಅಜ್ಜಿ "ಮೆಜೂಲ್ ಖರ್ಜೂರ ತರ್ತೀಯಾ ಮಗಳೇ? ಇಸ್ರೇಲಿನದು ಬೇಡ, ಲೇಬಲ್ ನೋಡಿ ತಾ" ಅಂದರು. ಅಂಗಡಿಯ ಡಬ್ಬಿ ಮೇಲೆ ಬರೀ "ವೆಸ್ಟ್ ಬ್ಯಾಂಕ್" ಅಂತಿತ್ತು. ಇಸ್ರೇಲ್ ಆಕ್ರಮಿಸಿಕೊಂಡಿರುವ ಪ್ಯಾಲೆಸ್ಟೀನಿ ಪ್ರದೇಶ ಅದು. ಅಲ್ಲಿನ ಜೋರ್ಡಾನ್ ಕಣಿವೆಯಲ್ಲಿ ಪ್ಯಾಲೆಸ್ಟೀನಿ ರೈತರೂ ಮೆಜೂಲ್ ಬೆಳೆಯುತ್ತಾರೆ, ಆ ನೆಲದಲ್ಲಿ ಇಸ್ರೇಲಿಗರು ಕಟ್ಟಿಕೊಂಡ ವಸಾಹತುಗಳಲ್ಲೂ ಬೆಳೆಯುತ್ತಾರೆ. ಯಾರದ್ದು ಅಂತ ಬೇರೆಬೇರೆಯಾಗಿ ಬರೆಯಿರಿ ಅಂತ ಬ್ರಿಟನ್ ಸರ್ಕಾರ 2009ರಲ್ಲೇ ಅಂಗಡಿಗಳಿಗೆ ಸಲಹೆ ಕೊಟ್ಟಿದೆ. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಅಂಗಡಿ ಹುಡುಗ "ಆಂಟಿ, ಖರ್ಜೂರ ಖರ್ಜೂರವೇ ಅಲ್ವಾ" ಅಂದ. ಬಾರ್‌ಕೋಡ್ 729ರಿಂದ ಶುರುವಾದರೆ ಇಸ್ರೇಲಿನದು ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ನಂಬಿಕೊಂಡರೆ ಆಗಲ್ಲ. ಕಂಪನಿ ಆ ಸಂಖ್ಯೆಯನ್ನು ಎಲ್ಲಿ ಪಡೆಯಿತು ಅನ್ನುವುದಷ್ಟೇ ಅದು. ಹಣ್ಣು ಎಲ್ಲಿ ಬೆಳೆಯಿತು ಅಂತ ಬಾರ್‌ಕೋಡ್ ಹೇಳುವುದಿಲ್ಲ.

ಅಜ್ಜಿ ಪಾಲಿಸುತ್ತಿದ್ದದ್ದು ಇಸ್ರೇಲಿನ ಬಹಿಷ್ಕಾರ. ಅದಕ್ಕೆ 170ಕ್ಕೂ ಹೆಚ್ಚು ಪ್ಯಾಲೆಸ್ಟೀನಿ ಸಂಘಸಂಸ್ಥೆಗಳು ಕರೆ ಕೊಟ್ಟಿದ್ದು 2005ರ ಜುಲೈ 9ರಂದು. ನಮ್ಮ ಲೆಸ್ಟರಿಗೂ ಅದರಲ್ಲೊಂದು ಪಾಲಿದೆ. ವಸಾಹತುಗಳ ಮಾಲು ಬೇಡ ಅಂತ ಇಲ್ಲಿನ ನಗರಸಭೆ 2014ರಲ್ಲಿ ಠರಾವು ಮಾಡಿತು. ಇದು ಯಹೂದಿಗಳ ವಿರುದ್ಧದ ತಾರತಮ್ಯ ಅಂತ ಒಂದು ಸಂಘಟನೆ ಕೋರ್ಟಿಗೆ ಹೋಯಿತು. 2018ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ನಗರಸಭೆಯೇ ಗೆದ್ದಿತು. ನನಗೆ ಇದೇನೂ ವಿಚಿತ್ರ ಅನಿಸಲಿಲ್ಲ. ಅಪ್ಪನ ಹಳೇ ಪಾಸ್‌ಪೋರ್ಟಿನಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಬೇರೆ ದೇಶಗಳಿಗೆ ಅಂತ ಬರೆದಿತ್ತು. ಅಲ್ಲಿನ ಜನಾಂಗ ತಾರತಮ್ಯ ವಿರೋಧಿಸಿ ಭಾರತ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮೊದಲೇ.

ಇಸ್ರೇಲಿನ ವಿಶ್ವವಿದ್ಯಾಲಯಗಳ ಬಹಿಷ್ಕಾರದ ಮಾತು ಬಂದರೆ ಮಾತ್ರ ನಮ್ಮ ಮನೆಯಲ್ಲಿ ಊಟ ತಣ್ಣಗಾಗುತ್ತದೆ. ನಮ್ಮ ಯಜಮಾನರು ಪಾಠ ಮಾಡುವವರು. 2013ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಜೆರುಸಲೇಮಿನ ಸಮ್ಮೇಳನಕ್ಕೆ ಹೋಗುವುದಿಲ್ಲ ಅಂದದ್ದನ್ನು ಅವರು ಇನ್ನೂ ಒಪ್ಪಿಲ್ಲ. ಬಹಿಷ್ಕಾರ ಸಂಸ್ಥೆಗಳ ಮೇಲೆ, ವ್ಯಕ್ತಿಗಳ ಮೇಲೆ ಅಲ್ಲ ಅನ್ನುವುದು ಕರೆ ಕೊಟ್ಟವರ ನಿಯಮ. "ಸಂಸ್ಥೆ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾಗ್ತಾನೆ, ನೀನೇ ಹೇಳು" ಅಂತಾರೆ ಇವರು. ಗೆರೆ ಎಳೆಯುವುದು ಕಷ್ಟ, ಒಪ್ಪಿದೆ. ಆದರೂ ಹಾಕಿಂಗ್ ಮಾಡಿದ್ದು ಸರಿ ಅಂತಲೇ ನನ್ನ ವಾದ. ನನ್ನನ್ನು ಕಾಡುವುದು ಇನ್ನೊಂದು. ಬಹಿಷ್ಕಾರದ ಗುರಿಯಾಗಿದ್ದ ಸೋಡಾಸ್ಟ್ರೀಮ್ ಅನ್ನುವ ಇಸ್ರೇಲಿ ಸೋಡಾ ಯಂತ್ರದ ಕಂಪನಿಯ ಕಾರ್ಖಾನೆ 2015ರಲ್ಲಿ ವೆಸ್ಟ್ ಬ್ಯಾಂಕ್ ಬಿಟ್ಟಾಗ ನೂರಾರು ಪ್ಯಾಲೆಸ್ಟೀನಿಯರ ಕೆಲಸವೂ ಹೋಯಿತು.

ಅದಕ್ಕೇ ಬಿಡುವುದರ ಜೊತೆ ಏನಾದರೂ ಕೊಳ್ಳಲೂ ಬೇಕು ಅನಿಸಿತು. ಝೈತೂನ್ ಅಂದರೆ ಅರಬ್ಬಿಯಲ್ಲಿ ಆಲಿವ್. 2004ರಲ್ಲಿ ಬ್ರಿಟನ್ನಿನಲ್ಲಿ ಇಬ್ಬರು ಹೆಂಗಸರು ಶುರು ಮಾಡಿದ್ದು. ಲಾಭವನ್ನು ಮತ್ತೆ ಅದೇ ಕೆಲಸಕ್ಕೆ ಹಾಕುತ್ತಾರೆ. 2009ರಲ್ಲಿ ಜಗತ್ತಿನಲ್ಲೇ ಮೊದಲು ಫೇರ್‌ಟ್ರೇಡ್, ಅಂದರೆ ರೈತರಿಗೆ ನ್ಯಾಯವಾದ ಬೆಲೆ ಅನ್ನುವ ಗುರುತು ಸಿಕ್ಕ ಆಲಿವ್ ಎಣ್ಣೆ ಇವರದ್ದು. ಬೆಲೆ ಸಾದಾ ಎಣ್ಣೆಗಿಂತ ಜಾಸ್ತಿ, ಹೌದು. ಅಕ್ಟೋಬರ್, ನವೆಂಬರಿನಲ್ಲಿ ಅಲ್ಲಿ ಕೊಯ್ಲು. ಇಸ್ರೇಲ್ ಕಟ್ಟಿದ ಗೋಡೆಯ ಆಚೆ ಉಳಿದ ತನ್ನದೇ ಮರಗಳ ಹತ್ತಿರ ಹೋಗಲು ರೈತ ಪರವಾನಗಿ ಪಡೆಯಬೇಕು. ಎಷ್ಟೋ ಕಡೆ ವಸಾಹತಿನವರು ಕೊಯ್ಲಿಗೆ ಬಂದವರನ್ನು ಹೊಡೆದಿದ್ದಾರೆ, ಮರಗಳನ್ನೇ ಕಡಿದಿದ್ದಾರೆ.

ಇಡ್ಲಿಗೆ ಪುಡಿ ಕಲಸಲು ಚೆನ್ನ. ಮೊಸರನ್ನಕ್ಕೆ ಬೇಡವೇ ಬೇಡ. ಬಾಟಲಿಯನ್ನು ಒಲೆಯ ಪಕ್ಕ ಮಾತ್ರ ಇಡಬೇಡಿ, ಎರಡನೆಯದನ್ನು ನಾನು ಹಾಗೇ ಹಾಳು ಮಾಡಿದೆ.