ಗೋಕಾಕದ ಬೆಲ್ಲದ ಗೋದಾಮಿಗೆ ಪ್ರವಾಹದ ಲೆಕ್ಕ: ನಾಲ್ಕು ದಾರಿ ಹಿಡಿದು ನೋಡಿದೆ

ಬೆಳಗಾವಿಯ ಒಂದು ಇನ್ಶೂರೆನ್ಸ್ ಬ್ರೋಕರ್ ಆಫೀಸಿನಲ್ಲಿ ನನ್ನ ಕೆಲಸ. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಪಾಲಿಸಿ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಬೇಸಿಗೆಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ಬಂದು ಕೂತರು. ಗೋಕಾಕ, ಮುಧೋಳ, ಮಹಾಲಿಂಗಪುರ, ವಿಜಯಪುರ ಹೀಗೆ ನಾಲ್ಕು ಕಡೆ ಅವರ ಗೋದಾಮುಗಳಿವೆ. "ಅಕ್ಕಾರ, ಒಂದ ಸಲ ದೊಡ್ಡ ಹೊಳಿ ಬಂದ್ರ ನಂದು ಎಷ್ಟ ಹೋಗ್ತೈತಿ? ಅದೊಂದ ಹೇಳ್ರಿ ಸಾಕು" ಅಂದರು.

ಹತ್ತು ವರ್ಷದಿಂದ ಪಾಲಿಸಿ ಮಾಡಿಸುತ್ತಿದ್ದೇನೆ. ಆದರೂ ಈ ಪ್ರಶ್ನೆಗೆ ನನ್ನ ಹತ್ತಿರ ನೇರವಾದ ಉತ್ತರ ಇರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಆಮೇಲೆ ಸುಮಾರು ನಾಲ್ಕು ತಿಂಗಳು ನಾಲ್ಕು ಬೇರೆ ಬೇರೆ ದಾರಿಯಲ್ಲಿ ಇದೇ ಲೆಕ್ಕ ಮಾಡಿದೆ. ನಾಲ್ಕೂ ಬೇರೆ ಬೇರೆ ಉತ್ತರ ಕೊಟ್ಟವು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹಳೆಯ ಕ್ಲೇಮ್ ಫೈಲ್ ತೆಗೆದೆ. ಆದ ನಷ್ಟವನ್ನೆಲ್ಲ ಕೂಡಿಸಿ, ಪಾಲಿಸಿ ನಡೆದ ವರ್ಷಗಳಿಂದ ಭಾಗಿಸುವುದು. ಇವರ ಪಾಲಿಸಿ ಶುರುವಾಗಿದ್ದು 2011ರಲ್ಲಿ. 2018ರವರೆಗೆ ನೀರಿನ ಕ್ಲೇಮ್ ಒಂದೂ ಇಲ್ಲ. ಸರಾಸರಿ ಸೊನ್ನೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಗೋಕಾಕ ಪೇಟೆಯೊಳಗೆ ನೀರು ಬಂತು, ಮುಧೋಳದ ಕಡೆಗೂ ನುಗ್ಗಿತು, ಅತ್ತ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳವರೆಗೂ ಹೋಯಿತು. ಮತ್ತೆ 2021ರ ಜುಲೈನಲ್ಲಿ ಇನ್ನೊಂದು ಸಲ.

ಅಂದರೆ ಇದೇ ಲೆಕ್ಕವನ್ನು 2018ರಲ್ಲಿ ಮಾಡಿದ್ದರೆ 'ಏನೂ ಭಯ ಇಲ್ಲ' ಅಂತ ಬರುತ್ತಿತ್ತು. 2021ರ ಕೊನೆಗೆ ಮಾಡಿದ್ದರೆ 'ಐದಾರು ವರ್ಷಕ್ಕೊಮ್ಮೆ ಹೋಗೇ ಹೋಗುತ್ತದೆ' ಅಂತ ಬರುತ್ತಿತ್ತು. ಹೊಳೆ ಅದೇ, ಗೋದಾಮು ಅದೇ. ಫೈಲ್ ತೆರೆದ ದಿನ ಮಾತ್ರ ಬೇರೆ. ಇನ್ನೊಂದು ವಿಷಯ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಬಿದ್ದ ಮಳೆ ನಿಮಗೂ ನೆನಪಿರಬಹುದು. ಅದು ಘಟ್ಟದಿಂದ ಹರಿದು ಬಂದ ನೀರಲ್ಲ. ಸದಾ ಬರ ನೋಡುವ ಬಯಲಿನ ಮೇಲೇ ಸುರಿದ ಮಳೆ. 2011ರಲ್ಲಿ ಶುರುವಾದ ಫೈಲಿಗೆ ಅದು ಗೊತ್ತೇ ಇಲ್ಲ.

ಈ ಹಳೇ ಪದ್ಧತಿಯನ್ನೇ ನಂಬಿ ಕೆಟ್ಟವರು ದೊಡ್ಡ ದೊಡ್ಡ ಕಂಪನಿಗಳು. 1992ರ ಆಗಸ್ಟ್ 24ರಂದು ಅಮೆರಿಕದ ಫ್ಲಾರಿಡಾಕ್ಕೆ ಆಂಡ್ರ್ಯೂ ಚಂಡಮಾರುತ ಬಡಿಯಿತು. ಅದಕ್ಕಿಂತ ಮುಂಚೆ ಹಲವು ವರ್ಷ ಅಲ್ಲಿ ಅಂಥದ್ದು ಆಗಿರಲಿಲ್ಲ, ಹಾಗಾಗಿ ಪ್ರೀಮಿಯಂ ಕಡಿಮೆ ಇತ್ತು. ಬೋಸ್ಟನ್‌ನಲ್ಲಿ 1987ರಲ್ಲಿ ಎಐಆರ್ ಎಂಬ ಕಂಪನಿ ಕಟ್ಟಿದ್ದ ಕ್ಯಾರನ್ ಕ್ಲಾರ್ಕ್ ಎಂಬ ಮಹಿಳೆ, ತಮ್ಮ ಕಂಪ್ಯೂಟರ್ ಮಾಡೆಲ್‌ನಿಂದ ನಷ್ಟ 1300 ಕೋಟಿ ಡಾಲರ್ ದಾಟಬಹುದು ಅಂತ ಕೂಡಲೇ ಅಂದಾಜು ಕೊಟ್ಟರು. ತುಂಬಾ ಜನ ನಂಬಲಿಲ್ಲ. ಕೊನೆಗೆ ವಿಮೆಯ ನಷ್ಟ ಸುಮಾರು 1550 ಕೋಟಿ ಡಾಲರ್‌ಗೆ ಮುಟ್ಟಿತು. 11 ವಿಮಾ ಕಂಪನಿಗಳು ಮುಳುಗಿದವು. ಕ್ಯಾಟ್ ಮಾಡೆಲ್ (ದೊಡ್ಡ ವಿಕೋಪ ಬಂದರೆ ಎಷ್ಟು ನಷ್ಟ ಅಂತ ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕ) ಎಂಬ ಮಾತು ವಿಮೆಯವರ ಬಾಯಲ್ಲಿ ದಿನಾ ಓಡಾಡಲು ಶುರುವಾಗಿದ್ದು ಅಲ್ಲಿಂದಲೇ.

ಎರಡನೇ ದಾರಿ ಅದೇ. ನಮ್ಮಂಥ ಆಫೀಸಿಗೆ ಆ ಸಾಫ್ಟ್‌ವೇರ್ ಕೊಳ್ಳುವ ಶಕ್ತಿ ಇಲ್ಲ. ವಿಮಾ ಕಂಪನಿಯಲ್ಲಿ ಅಪಾಯ ಅಳೆದು ಪ್ರೀಮಿಯಂ ಗೊತ್ತು ಮಾಡುವ ಅಂಡರ್‌ರೈಟರ್ ಒಬ್ಬರ ಮೂಲಕ, ಮರುವಿಮೆಯವರು (ವಿಮಾ ಕಂಪನಿಗಳಿಗೇ ವಿಮೆ ಕೊಡುವವರು) ಬಳಸುವ ಒಂದು ಮಾಡೆಲ್‌ನಲ್ಲಿ ನಮ್ಮ ನಾಲ್ಕು ಗೋದಾಮಿನ ಲೆಕ್ಕ ಓಡಿಸಿ ನೋಡಿದೆ.

ಅದು ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಆಗಿಹೋದ ಮಳೆ, ಹೊಳೆಯ ಹರಿವು ನೋಡಿ, ಆಗಬಹುದಾದ ಸಾವಿರಾರು ವರ್ಷಗಳ ಮಳೆಗಾಲವನ್ನು ಅದು ಕಂಪ್ಯೂಟರಿನಲ್ಲಿ ಹುಟ್ಟಿಸುತ್ತದೆ. ಒಂದೊಂದು ಪ್ರವಾಹಕ್ಕೂ ನಮ್ಮ ಗೋದಾಮಿನ ಜಾಗದಲ್ಲಿ ನೀರು ಎಷ್ಟು ಆಳ ಅಂತ ನೋಡುತ್ತದೆ. ಅಷ್ಟು ಆಳಕ್ಕೆ ಮಾಲು ಎಷ್ಟು ಹಾಳಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಕೊನೆಗೆ ಪಾಲಿಸಿಯ ಷರತ್ತು ಹಾಕಿ ಕಂಪನಿ ಎಷ್ಟು ಕೊಡಬೇಕು ಅಂತ ಹೇಳುತ್ತದೆ. ಕೈಗೆ ಬರುವುದು ಒಂದು ಗೆರೆ: ಇಷ್ಟು ನಷ್ಟ ದಾಟುವ ಸಾಧ್ಯತೆ ವರ್ಷಕ್ಕೆ ಇಷ್ಟು.

'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂದಾಗ ನಮ್ಮ ಜನ 'ಹಂಗಾದ್ರ ನನ್ನ ಮೊಮ್ಮಕ್ಕಳ ಕಾಲಕ್ಕ ಬಿಡ್ರಿ' ಅಂತಾರೆ. ಹಾಗಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಅವಕಾಶ ಅಂತ ಅದರ ಅರ್ಥ. ಗೋದಾಮಿಗೆ 30 ವರ್ಷದ ಆಯುಷ್ಯ ಅಂತ ಹಿಡಿದರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೀರು ಬರುವ ಸಾಧ್ಯತೆ ಸುಮಾರು 26 ಪ್ರತಿಶತ. ನಾಲ್ಕರಲ್ಲಿ ಒಂದು. ಇದನ್ನು ಹೇಳಿದಾಗ ಸಾವಕಾರ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಮಾಡೆಲ್‌ನ ದೊಡ್ಡ ಗುಣ ಅಂದರೆ ನಾಲ್ಕೂ ಗೋದಾಮುಗಳನ್ನು ಒಂದೇ ಪ್ರವಾಹದಲ್ಲಿ ಇಟ್ಟು ನೋಡುವುದು. ಗೋಕಾಕ, ಮುಧೋಳ ಎರಡೂ ಘಟಪ್ರಭೆಯ ದಂಡೆ. ಒಂದು ಮುಳುಗಿದರೆ ಇನ್ನೊಂದಕ್ಕೆ ನೀರು ಬರುವುದು ಬಹುತೇಕ ಖಚಿತ. ಎರಡು ಊರಿಗೆ ಮಾಲು ಹಂಚಿಟ್ಟಿದ್ದೇನೆ, ಭಯ ಕಡಿಮೆ ಅಂತ ಅವರು ತಿಳಿದುಕೊಂಡಿದ್ದರು. ಆ ನಂಬಿಕೆ ತಪ್ಪು ಅಂತ ಮಾಡೆಲ್ ಮಾತ್ರ ತೋರಿಸಿತು. ಹಳೇ ಫೈಲಿನಲ್ಲಿ ಎರಡು ಗೋದಾಮಿನ ಕ್ಲೇಮ್ ಬೇರೆ ಬೇರೆ ಕಾಗದವಾಗಿ ಬಿದ್ದಿತ್ತು.

ಆದರೆ ಮೊದಲ ವರದಿಯಲ್ಲಿ ಗೋಕಾಕದ ಗೋದಾಮಿಗೆ ನೂರು ವರ್ಷದ ಪ್ರವಾಹದಲ್ಲೂ ನೀರಿನ ಆಳ ಸೊನ್ನೆ ಅಂತಿತ್ತು! 2019ರಲ್ಲಿ ಆ ಗೋದಾಮಿನೊಳಗೆ ನೀರು ನಿಂತ ಫೋಟೋ ನನ್ನ ಹತ್ತಿರವೇ ಇದೆ. ಹುಡುಕಿದಾಗ ಗೊತ್ತಾಯಿತು. ಅವರು ಪಿನ್‌ಕೋಡ್ ಮಾತ್ರ ಹಾಕಿದ್ದರು. ಪಿನ್‌ಕೋಡಿನ ನಡುಬಿಂದು ಹೊಳೆ ಬಿಟ್ಟು ಎತ್ತರದ ಜಾಗಕ್ಕೆ ಬಿದ್ದಿತ್ತು. ಗೋಕಾಕ ನೋಡಿದವರಿಗೆ ಗೊತ್ತು, ಒಂದು ಕಡೆ ಗುಡ್ಡ, ಒಂದು ಕಡೆ ಹೊಳೆ. ಮೊಬೈಲಿನಲ್ಲಿ ಗೋದಾಮಿನ ಬಾಗಿಲ ಮುಂದೆ ನಿಂತು ಅಕ್ಷಾಂಶ, ರೇಖಾಂಶ ತೆಗೆದು ಕಳಿಸಿದೆ. ಮತ್ತೆ ಓಡಿಸಿದರು. ಸೊನ್ನೆ ಇದ್ದದ್ದು 0.9 ಮೀಟರ್ ಆಯಿತು.

ಮೂರನೇದು ಮನೆಯಲ್ಲೇ ಮಾಡಿದ್ದು. ನನ್ನ ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. "ಅತ್ತಿ, ದುಡ್ಡು ಕೊಡದೇನ ಮಾಡಬಹುದು" ಅಂತ ಎರಡು ಭಾನುವಾರ ಕೂತಳು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಮಾಡಿದ ಕ್ಲೈಮಾಡಾ ಎಂಬ ಪುಕ್ಕಟೆ ಸಾಧನ ಹಾಕಿಕೊಂಡಳು. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನ ಆಕ್ವಡಕ್ಟ್ ಪ್ರವಾಹ ನಕ್ಷೆ ಇಳಿಸಿಕೊಂಡಳು. ಆಳಕ್ಕೆ ತಕ್ಕ ನಷ್ಟದ ಪಟ್ಟಿಯನ್ನು ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರದವರು 2017ರಲ್ಲಿ ಪ್ರಕಟಿಸಿದ್ದರಿಂದ ತೆಗೆದುಕೊಂಡಳು.

ಲೆಕ್ಕ ಓಡಿತು. ಗೋಕಾಕಕ್ಕೆ 2.6 ಮೀಟರ್ ಅಂತ ಬಂತು. ತೊಂದರೆ ಏನೆಂದರೆ ಆ ನಕ್ಷೆಯ ಒಂದೊಂದು ಚೌಕ ಸುಮಾರು ಒಂದು ಕಿಲೋಮೀಟರ್ ಅಗಲ. ಹೊಳೆಯ ದಂಡೆಯೂ ಅದರೊಳಗೆ, ಬಜಾರವೂ ಅದರೊಳಗೆ. ಎಲ್ಲಕ್ಕೂ ಒಂದೇ ಅಂಕಿ. ನೆಲದ ಎತ್ತರದ ನಕ್ಷೆಯೂ ಹಾಗೇ. ಪುಕ್ಕಟೆ ಸಿಗುವುದು 2000ದಲ್ಲಿ ಅಂತರಿಕ್ಷ ನೌಕೆಯಿಂದ ಅಳೆದ 30 ಮೀಟರ್ ಚೌಕದ್ದು. ಅದರ ಎತ್ತರದಲ್ಲಿ ಕೆಲವು ಮೀಟರ್ ಆಚೀಚೆ ಇರುತ್ತದೆ. ನಮಗೆ ಬೇಕಾದದ್ದು ಒಂದೆರಡು ಅಡಿಯ ಲೆಕ್ಕ.

ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರವನ್ನೂ ನೋಡಿದೆವು. ಅದು ಮೋಡದ ಮೂಲಕವೂ ನೋಡುತ್ತದೆ, ಬಯಲು ಹೊಲದಲ್ಲಿ ನಿಂತ ನೀರು ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಉಪಗ್ರಹ ಅದೇ ಜಾಗಕ್ಕೆ ಅದೇ ದಾರಿಯಲ್ಲಿ ಬರುವುದು 12 ದಿನಕ್ಕೊಮ್ಮೆ. ನೀರು ಏರಿದ ದಿನವೇ ಸಿಗಬೇಕಲ್ವಾ? ಜೊತೆಗೆ ನಮ್ಮ ಕಡೆ ಎಲ್ಲಿ ನೋಡಿದರೂ ಕಬ್ಬು. ಆಳೆತ್ತರದ ಕಬ್ಬಿನ ಕೆಳಗೆ ನಿಂತ ನೀರು ಈ ರಾಡಾರಿಗೆ ಸರಿಯಾಗಿ ಕಾಣುವುದಿಲ್ಲ. ಓಣಿಯ ಒಳಗೂ ಅಷ್ಟೇ, ಗೋಡೆಗಳ ನಡುವೆ ಗೊಂದಲ.

ನಾಲ್ಕನೇ ದಾರಿಗೆ ಖರ್ಚಾದದ್ದು ಬಸ್ ಚಾರ್ಜು ಮತ್ತು ಒಂದು ಲೆವೆಲ್ ಪೈಪ್. ಗೌಂಡಿಗಳು ಬಳಸುತ್ತಾರಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದೇ. ಗೋಕಾಕದ ಓಣಿಯಲ್ಲಿ ಒಂದು ದಿನ ಪೂರ್ತಿ ಓಡಾಡಿದೆ. 2019ರ ಕೆಸರಿನ ಗೆರೆ ಇನ್ನೂ ಕೆಲವು ಗೋಡೆಯ ಮೇಲಿದೆ. ಕೆಲವರು ಸುಣ್ಣ ಹೊಡೆಯುವಾಗ ಅದನ್ನು ಬಿಟ್ಟು ಹೊಡೆದಿದ್ದಾರೆ, ನೆನಪಿಗೆ ಇರಲಿ ಅಂತ.

ಗೋದಾಮಿನ ಹಿರಿಯ ಹಮಾಲ ಕಾಕಾ ಪೈಪಿನ ಒಂದು ತುದಿ ಹಿಡಿದುಕೊಂಡರು. ಎದುರಿನ ಮನೆಯ ಗೋಡೆಯ ಗೆರೆಗೆ ಅವರ ತುದಿ, ಗೋದಾಮಿನ ಹೊಸ್ತಿಲ ಹತ್ತಿರ ನನ್ನ ತುದಿ. ಪೈಪಿನ ನೀರು ಅಲುಗಾಡಿ ನಿಂತಿತು. ಟೇಪ್ ಹಿಡಿದೆ. ಗೋದಾಮಿನ ನೆಲದಿಂದ 4 ಅಡಿ 7 ಇಂಚು. 2021ರ ಗೆರೆ ಇನ್ನೊಂದು ಕಂಬದ ಮೇಲೆ ತೋರಿಸಿದರು. ಅದು 1 ಅಡಿ 3 ಇಂಚು. ನೆಲವೇ ರಸ್ತೆಗಿಂತ ಎರಡು ಅಡಿ ಎತ್ತರ. ಮಾಡೆಲ್‌ಗೆ ಈ ಎರಡು ಅಡಿ ಗೊತ್ತೇ ಇರಲಿಲ್ಲ.

"2021ರಾಗ ಸ್ವಲ್ಪನ ನೀರ ಬಂದಿತ್ತಲ್ಲ ಕಾಕಾ, ಮಾಲ ಅಷ್ಟ ಯಾಕ ಹೋತು?" ಅಂತ ಕೇಳಿದೆ.

"ಒಂದ ಫೂಟ್ ನೀರ ಸಾಕ್ರಿ ಅಕ್ಕಾರ. ಕೆಳಗಿನ ಸಾಲಿನ ಪೆಂಟಿ ಕರಗಿತಂದ್ರ ಮ್ಯಾಲಿನ ಥಪ್ಪಿ ತಾನ ಕುಸೀತೈತಿ. ಬೆಲ್ಲ ಅದು, ಕಬ್ಬಿಣ ಅಲ್ಲ."

ನನಗೆ ಇಡೀ ನಾಲ್ಕು ತಿಂಗಳಲ್ಲಿ ಸಿಕ್ಕ ಅತಿ ಬೆಲೆಯುಳ್ಳ ಮಾತು ಇದು. ನಾವು ಬಳಸಿದ ಪಟ್ಟಿಯಲ್ಲಿ ಏಷ್ಯಾದ ಕಟ್ಟಡಕ್ಕೆ ಒಂದು ಮೀಟರ್ ನೀರಿಗೆ ಸುಮಾರು ಅರ್ಧ ನಷ್ಟ. ಆಳ ಏರಿದ ಹಾಗೆ ನಿಧಾನಕ್ಕೆ ಏರುವ ಗೆರೆ. ಬೆಲ್ಲಕ್ಕೆ ಅದು ಹೊಂದುವುದೇ ಇಲ್ಲ. ಅರ್ಧ ಅಡಿವರೆಗೆ, ಅಂದರೆ ಮಾಲು ಇಡುವ ಹಲಗೆಯ ಎತ್ತರದವರೆಗೆ ನಷ್ಟವೇ ಇಲ್ಲ. ಒಂದು ಅಡಿ ದಾಟಿದರೆ ಬಹುಪಾಲು ಹೋಯಿತು. ಅದು ಏರುವ ಗೆರೆ ಅಲ್ಲ, ಒಂದೇ ಮೆಟ್ಟಿಲು.

ಇನ್ನೊಂದನ್ನು ಗೋದಾಮಿನ ರಿಜಿಸ್ಟರ್ ತೋರಿಸಿತು. ಗಾಣದ ಸೀಸನ್ ಚಳಿಗಾಲದ್ದು. ಮಾರ್ಚಿನಲ್ಲಿ ಗೋದಾಮು ತುಂಬಿರುತ್ತದೆ. ಆಗಸ್ಟ್ ಹೊತ್ತಿಗೆ ಮಾರಾಟ ಆಗಿ, ಒಂದಿಷ್ಟು ಕೋಲ್ಡ್ ಸ್ಟೋರೇಜಿಗೆ ಹೋಗಿ, ಇಲ್ಲಿ ಉಳಿಯುವುದು ಮೂರನೇ ಒಂದು ಭಾಗ. ಮಾಡೆಲ್ ಮಾತ್ರ ವಿಮೆಯ ಪೂರ್ತಿ ಮೊತ್ತದ ಮಾಲು ವರ್ಷವಿಡೀ ಅಲ್ಲೇ ಇದೆ ಅಂತ ಹಿಡಿಯುತ್ತದೆ. ಹೀಗೆ ಒಂದು ಕಡೆ ನಷ್ಟ ಕಡಿಮೆ ತೋರಿಸಿ, ಇನ್ನೊಂದು ಕಡೆ ಜಾಸ್ತಿ ತೋರಿಸಿ, ಎರಡು ತಪ್ಪು ಸೇರಿ ನೋಡಲು ಸರಿ ಅನ್ನಿಸುವ ಅಂಕಿ ಬಂದಿತ್ತು. ಇಂಥ ಅಂಕಿ ಕಂಡರೆ ನನಗೆ ಈಗ ಜಾಸ್ತಿ ಭಯ.

ಹಾಗಂತ ಗೋಡೆಯ ಗೆರೆಯೊಂದೇ ಸಾಕಾ? ಸಾಲದು. ಗೆರೆ ಹೇಳುವುದು ಆದದ್ದನ್ನು ಮಾತ್ರ. 2019ಕ್ಕಿಂತ ದೊಡ್ಡದು ಬಂದರೆ ಏನು ಅಂತ ಅದು ಹೇಳುವುದಿಲ್ಲ. ಗೋಕಾಕದ ಲೋಳಸೂರ ಸೇತುವೆಯ ಹತ್ತಿರ ಬರುವ ನೀರು ಒಂದೇ ಕಡೆಯದ್ದಲ್ಲ. 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯದಿಂದ ಬಿಟ್ಟದ್ದು, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳ ನೀರು, ಎಲ್ಲ ಕೂಡುತ್ತವೆ. ಇವು ಮೂರೂ ಒಂದೇ ರಾತ್ರಿ ಮೇಲಕ್ಕೆ ಬಂದರೆ ಏನು ಅಂತ ಕೇಳಲು ಮಾಡೆಲ್ ಬೇಕೇ ಬೇಕು. ವಿಜಯಪುರದ ಗೋದಾಮಿನ ಗೋಡೆಯ ಮೇಲೆ ಗೆರೆಯೇ ಇಲ್ಲ.

ಅಕ್ಕಪಕ್ಕ ಇಟ್ಟರೆ ಗೋಕಾಕದ ಒಂದೇ ಗೋದಾಮಿಗೆ ಹೀಗಿತ್ತು. ಹಳೇ ಫೈಲು: 2018ಕ್ಕೆ ಸೊನ್ನೆ, ಆಮೇಲೆ ಭಾರೀ. ದುಡ್ಡಿನ ಮಾಡೆಲ್: ಮೊದಲು ಸೊನ್ನೆ, ಜಾಗ ಸರಿಪಡಿಸಿದ ಮೇಲೆ 0.9 ಮೀಟರ್. ಪುಕ್ಕಟೆ ಮಾಡೆಲ್: 2.6 ಮೀಟರ್. ಗೋಡೆ: 2019ರಲ್ಲಿ ಸುಮಾರು 1.4 ಮೀಟರ್, ಅದೂ ಎತ್ತರಿಸಿದ ನೆಲದ ಮೇಲೆ. ನನ್ನನ್ನು ಕೇಳಿದರೆ, ಹಳೇ ಫೈಲನ್ನು ಒಂದೇ ಆಧಾರವಾಗಿ ಇನ್ನು ಮುಂದೆ ಇಡುವುದಿಲ್ಲ. ಪುಕ್ಕಟೆ ಮಾಡೆಲ್ ಕಲಿಯಲು ಬಹಳ ಒಳ್ಳೆಯದು, ದುಡ್ಡಿನ ಮಾಡೆಲ್‌ನವರಿಗೆ ಯಾವ ಪ್ರಶ್ನೆ ಕೇಳಬೇಕು ಅಂತ ಅದರಿಂದಲೇ ಗೊತ್ತಾಯಿತು. ಪಾಲಿಸಿ ಬರೆಯಲು ಮಾತ್ರ ನನಗೆ ಬೇಕಾದದ್ದು ಎರಡು: ದುಡ್ಡಿನ ಮಾಡೆಲ್ ಮತ್ತು ಲೆವೆಲ್ ಪೈಪ್, ಒಂದರ ಕೈಗೆ ಇನ್ನೊಂದು ಕೊಟ್ಟು.

ಹಾಗೇ ಮಾಡಿದೆವು. ಹೊಸ್ತಿಲ ಎತ್ತರ, 2019 ಮತ್ತು 2021ರ ಗೆರೆ, ಬೆಲ್ಲದ ಮೆಟ್ಟಿಲು ಲೆಕ್ಕ, ತಿಂಗಳವಾರು ಮಾಲು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಂಡರ್‌ರೈಟರ್‌ಗೆ ಕಳಿಸಿದೆ. ಅವರು ಮೂರನೇ ಸಲ ಓಡಿಸಿದರು. ಗೋಕಾಕ, ಮುಧೋಳ ಸೇರಿ ಒಂದೇ ಪ್ರವಾಹದ ನಷ್ಟ ಸಾವಕಾರ್ರು ಅಂದುಕೊಂಡದ್ದರ ಹತ್ತಿರ ಹತ್ತಿರ ಎರಡು ಪಟ್ಟು ಬಂತು. ಅವರ ಒಂದೊಂದು ಗೋದಾಮೂ 5 ಕೋಟಿ ಒಳಗಿನದು. ಹಾಗಾಗಿ 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲೇ ಪ್ರವಾಹವೂ ಸೇರುತ್ತದೆ. ಮೊತ್ತ ಮಾತ್ರ ಸರಿ ಮಾಡಿಸಿದೆವು.

ಅವರು ತಾವಾಗಿ ಇನ್ನೆರಡು ಕೆಲಸ ಮಾಡಿದರು. ಜೂನ್ ಕೊನೆಗೆ ಮುಧೋಳದ ಮಾಲನ್ನು ಮಹಾಲಿಂಗಪುರಕ್ಕೆ ಸಾಗಿಸುವುದು. ಗೋಕಾಕದಲ್ಲಿ ಹಲಗೆ ತೆಗೆದು ಎರಡು ಅಡಿ ಎತ್ತರದ ಕಟ್ಟೆ ಕಟ್ಟಿಸುವುದು. ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ಗೌಂಡಿ ಕೇಳಿದಾಗ ಹಮಾಲ ಕಾಕಾ ಕಂಬದ ಮೇಲಿನ 2021ರ ಗೆರೆ ತೋರಿಸಿ, "ಇದರ ಮ್ಯಾಲ ಮುಕ್ಕಾಲ ಫೂಟ್ ಇಡಪಾ" ಅಂದರಂತೆ.